ಗಗನದ ಕೂಲಿಯನ್ನು ಅಳೆದವನು

ವಿಮಾನ ಚಾಲಕನೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಒಬ್ಬ ಸಾಹಸಿಯ ಚಿತ್ರ. ಮೋಡಗಳನ್ನು ಸೀಳಿ ಹೋಗುವವನು, ಬಿರುಗಾಳಿಗೆ ಎದೆಯೊಡ್ಡುವವನು, ಸಾವಿನೊಡನೆ ಸಲಿಗೆಯಿಂದಿರುವವನು. ಅವನಿಗೂ ಹೆಂಡಿರು ಮಕ್ಕಳುಂಟು, ತಿಂಗಳ ಕೊನೆಗೆ ತೀರಿಸಬೇಕಾದ ಬಾಕಿಯುಂಟು, ಎಂದಾದರೊಂದು ದಿನ ಮುಪ್ಪು ಬರುವುದುಂಟು ಎಂಬ ಸಾಮಾನ್ಯ ಸಂಗತಿಗಳು ನಮಗೆ ನೆನಪಾಗುವುದಿಲ್ಲ. ಸಾಹಸವನ್ನು ಹಾಡಿ ಹೊಗಳುವ ಲೋಕವು ಸಾಹಸಕ್ಕೆ ಕೂಲಿ ಎಷ್ಟೆಂದು ಕೇಳುವುದನ್ನು ಅಲ್ಪತನವೆಂದೇ ಎಣಿಸುತ್ತದೆ. ಆ ಪ್ರಶ್ನೆಯನ್ನು ಅಳುಕದೆ, ಒಂದೇ ಹಟದಿಂದ, ಇಪ್ಪತ್ತು ವರ್ಷಗಳ ಕಾಲ ಕೇಳಿದ ಅಮೆರಿಕದ ಒಬ್ಬ ವೈಮಾನಿಕನ ಬಾಳನ್ನು ನಾನಿಲ್ಲಿ ಹೇಳಹೊರಟಿದ್ದೇನೆ. ಆತನ ಹೆಸರು ಡೇವಿಡ್ ಬೆಂಕೆ. ನಮ್ಮ ಪಠ್ಯಪುಸ್ತಕಗಳಲ್ಲಿ ರೈಟ್ ಸೋದರರಿಗೆ ಎಡೆಯುಂಟು, ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದ ಲಿಂಡ್ಬರ್ಗನಿಗೆ ಎಡೆಯುಂಟು, ಬೆಂಕೆಗೆ ಇಲ್ಲ. ಆದರೆ ವಿಮಾನವನ್ನು ನಡೆಸಿ ಹೊಟ್ಟೆ ಹೊರೆಯುವವರ ನಡುವೆ ಅವನ ಹೆಸರು ಲಿಂಡ್ಬರ್ಗನ ಹೆಸರಿಗಿಂತ ಹೆಚ್ಚು ಕೆಲಸ ಮಾಡಿದೆ.

ಬೆಂಕೆ ಹುಟ್ಟಿದ್ದು 1897ರಲ್ಲಿ, ವಿಸ್ಕಾನ್ಸಿನ್ ಸಂಸ್ಥಾನದ ಒಂದು ಒಕ್ಕಲು ಮನೆಯಲ್ಲಿ. ಓದು ಅವನಿಗೆ ಹೆಚ್ಚು ದಕ್ಕಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲೇ ಮನೆ ಬಿಟ್ಟು ಸೈನ್ಯ ಸೇರಿದ. ಮೊದಲನೆಯ ಮಹಾಯುದ್ಧ ಅವನಿಗೆ ಹಾರುವ ವಿದ್ಯೆಯನ್ನು ಕಲಿಸಿತು. ಅವನು ಅದನ್ನು ಇತರರಿಗೆ ಕಲಿಸುವಷ್ಟು ಪಳಗಿದ. ಯುದ್ಧ ಮುಗಿದ ಮೇಲೆ, ಆ ಕಾಲದ ಅನೇಕ ಸೈನಿಕ ವೈಮಾನಿಕರಂತೆ, ಜಾತ್ರೆ ಸಂತೆಗಳಲ್ಲಿ ವಿಮಾನದ ಆಟ ತೋರಿಸಿ, ಜನರನ್ನು ಹತ್ತಿಸಿಕೊಂಡು ಸುತ್ತಿಸಿ ಜೀವನ ನಡೆಸಿದ. ಷಿಕಾಗೋ ನಗರದ ಆಸುಪಾಸು ಅವನ ಕಾರ್ಯಕ್ಷೇತ್ರವಾಯಿತು. ಕೊನೆಯವರೆಗೂ ಅದೇ ಅವನ ಊರಾಗಿ ಉಳಿಯಿತು.

ಆಗ ವಿಮಾನದಿಂದ ನಿಜವಾದ ಸಂಪಾದನೆಯೆಂದರೆ ಅಂಚೆಯ ಮೂಟೆಯನ್ನು ಸಾಗಿಸುವುದು. 1918ರಲ್ಲಿ ಆರಂಭವಾದ ಅಮೆರಿಕದ ವಿಮಾನ ಅಂಚೆಯನ್ನು ಮೊದಲು ಸರಕಾರದ ಅಂಚೆ ಇಲಾಖೆಯೇ ನಡೆಸುತ್ತಿತ್ತು. ಚಾಲಕನ ಕೂರುಮನೆಗೆ ಮಾಡಿಲ್ಲ, ದಾರಿ ತೋರುವ ರೇಡಿಯೋ ಇಲ್ಲ. ಕೆಳಗೆ ಕಾಣುವ ರೈಲು ಹಳಿಯೇ ದಿಕ್ಸೂಚಿ. ಆ ಅಪಾಯಕ್ಕೆ ತಕ್ಕಂತೆ ಇಲಾಖೆ ಒಂದು ವೇತನ ಕ್ರಮವನ್ನು ಇಟ್ಟಿತ್ತು. ವರ್ಷಕ್ಕೆ ಇಷ್ಟೆಂದು ಮೂಲ ಸಂಬಳ. ಅದರ ಮೇಲೆ ಹಾರಿದ ಪ್ರತಿಯೊಂದು ಮೈಲಿಗೂ ಕೆಲವು ಸೆಂಟುಗಳ ಭತ್ಯ. ರಾತ್ರಿಯಾದರೆ ಆ ಭತ್ಯ ಇಮ್ಮಡಿ. 1925ರ ಕಾನೂನಿನಂತೆ ಅಂಚೆಯ ಸಾಗಾಣಿಕೆ ಖಾಸಗಿ ಸಂಸ್ಥೆಗಳ ಕೈಗೆ ಹೋದಾಗ ಚಾಲಕರೊಡನೆ ಈ ಮೈಲಿಯ ಲೆಕ್ಕವೂ ಅಲ್ಲಿಗೆ ಹೋಯಿತು. ಬೆಂಕೆ 1926ರಲ್ಲಿ ನಾರ್ತ್‌ವೆಸ್ಟ್ ಸಂಸ್ಥೆಯ ಮೊದಲ ಚಾಲಕರಲ್ಲಿ ಒಬ್ಬನಾದ. ಅಲ್ಲಿಂದ ಬಿಟ್ಟು, ಮುಂದೆ ಯುನೈಟೆಡ್ ಎಂಬ ದೊಡ್ಡ ಸಂಸ್ಥೆಯಲ್ಲಿ ಸೇರಿಹೋದ ಬೋಯಿಂಗ್ ಸಾರಿಗೆಗೆ ಬಂದ. ಇಷ್ಟು ಹೊತ್ತಿಗೆ ಅವನು ಎರಡು ಸತ್ಯಗಳನ್ನು ಕಂಡಿದ್ದ. ಚಾಲಕನ ಆಯುಸ್ಸು ಕಿರಿದು ಎಂಬುದು ಒಂದು. ಅವನ ಸಂಬಳ ಮಾಲೀಕನ ಮರ್ಜಿ ಎಂಬುದು ಇನ್ನೊಂದು.

1929ರ ಆರ್ಥಿಕ ಕುಸಿತ ಎರಡನೆಯ ಸತ್ಯವನ್ನು ಎಲ್ಲರಿಗೂ ಮನಗಾಣಿಸಿತು. ಕೆಲಸವಿಲ್ಲದ ಚಾಲಕರು ಬಾಗಿಲಲ್ಲಿ ಸಾಲುಗಟ್ಟಿರುವಾಗ, ಇದ್ದವರ ಸಂಬಳವನ್ನು ಇಳಿಸುವುದು ಸುಲಭ. ಚಾಲಕರ ಸ್ನೇಹಕೂಟಗಳು ಹಿಂದೆಯೂ ಇದ್ದುವು. ಅವು ಔತಣಕ್ಕೆ ಒದಗಿದುವೇ ಹೊರತು ಹೋರಾಟಕ್ಕೆ ಒದಗಲಿಲ್ಲ. ಬೆಂಕೆ ಬೇರೆ ದಾರಿ ಹಿಡಿದ. ತನ್ನ ಪಾಳಿಯ ಹಾರಾಟಗಳ ನಡುವಣ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಮಾತನಾಡಿಸಿ, ಹೆಸರುಗಳನ್ನು ಗುಟ್ಟಾಗಿಟ್ಟು, 1931ರ ಜುಲೈ ತಿಂಗಳಿನಲ್ಲಿ ಷಿಕಾಗೋದ ಒಂದು ಹೋಟೆಲಿನಲ್ಲಿ ಸುಮಾರು ಇಪ್ಪತ್ತನಾಲ್ಕು ಜನರನ್ನು ಕೂಡಿಸಿದ. ಅಲ್ಲಿ ಹುಟ್ಟಿದ್ದೇ ವಿಮಾನ ಚಾಲಕರ ಸಂಘ. ಮರುತಿಂಗಳೇ ಅದು ಅಮೆರಿಕದ ಕಾರ್ಮಿಕ ಒಕ್ಕೂಟವನ್ನು ಸೇರಿತು. ಹಲವು ಚಾಲಕರಿಗೆ ಇದು ಹಿಡಿಸಲಿಲ್ಲ. ಗಣಿಯವರ, ಗಾರೆಯವರ ಸಾಲಿನಲ್ಲಿ ಗಗನಯಾತ್ರಿಕರು ಕೂರುವುದೇ ಎಂಬ ಸಂಕೋಚ ಅವರನ್ನು ಕಾಡಿತು. ಬೆಂಕೆಯ ಲೆಕ್ಕ ಸರಳವಾಗಿತ್ತು. ಅಂಚೆಯ ಹಣ ವಾಷಿಂಗ್ಟನ್ನಿನಿಂದ ಬರುತ್ತದೆ. ಕಾನೂನು ಅಲ್ಲಿಯೇ ಆಗುತ್ತದೆ. ಕೆಲವು ನೂರು ಚಾಲಕರ ಕೂಗು ಅಲ್ಲಿಗೆ ಕೇಳಿಸದು, ಲಕ್ಷಾಂತರ ಕಾರ್ಮಿಕರದು ಕೇಳಿಸುತ್ತದೆ. ಆ ಮೊದಲ ಸಭೆಯಲ್ಲಿ ಸೇರಿದವರಲ್ಲಿ ಸುಮಾರು ಅರ್ಧದಷ್ಟು ಜನ ಮುಂದೆ ವಿಮಾನ ಅಪಘಾತಗಳಲ್ಲೇ ತೀರಿಕೊಂಡರೆಂಬುದನ್ನು ನೆನೆದರೆ, ಅವರು ಸೇರಿದ್ದು ಬರಿಯ ಹಣಕ್ಕಾಗಿ ಅಲ್ಲವೆಂಬುದು ಹೊಳೆಯದಿರದು.

ಪರೀಕ್ಷೆ ಬೇಗನೆ ಬಂದಿತು. ಮೋಟಾರು ಕಾರುಗಳ ವ್ಯಾಪಾರದಲ್ಲಿ ಹೆಸರಾಗಿದ್ದ ಇ. ಎಲ್. ಕಾರ್ಡ್ ಎಂಬ ಶ್ರೀಮಂತ ಸೆಂಚುರಿ ಎಂಬ ವಿಮಾನ ಸಂಸ್ಥೆಯನ್ನು ನಡೆಸುತ್ತಿದ್ದ. ಅಗ್ಗದ ದರದಲ್ಲಿ ಅಂಚೆಯನ್ನು ಸಾಗಿಸುವೆನೆಂದು ತೋರಿಸಿ ಸರಕಾರದ ಗುತ್ತಿಗೆಯನ್ನು ಪಡೆಯುವುದು ಅವನ ಹಂಚಿಕೆ. 1932ರ ಫೆಬ್ರವರಿಯಲ್ಲಿ ಅವನು ತನ್ನ ಚಾಲಕರ ತಿಂಗಳ ಸಂಬಳವನ್ನು 350 ಡಾಲರಿನಿಂದ 150 ಡಾಲರಿಗೆ ಇಳಿಸಲು ಹೊರಟ. ಒಪ್ಪದವರು ಹೊರಗಾದರು. ಇಪ್ಪತ್ತಮೂರು ಜನರ ಈ ಜಗಳ ಸಂಘದ ಪ್ರಾಣಪ್ರಶ್ನೆಯಾಯಿತು; ಇಲ್ಲಿ ಸೋತರೆ ಇತರ ಮಾಲೀಕರಿಗೆ 150 ಡಾಲರೇ ಅಳತೆಗೋಲು. ಬೆಂಕೆ ಜಗಳವನ್ನು ವಿಮಾನ ನಿಲ್ದಾಣದಿಂದ ಕಾಂಗ್ರೆಸ್ ಸಭೆಗೆ ಕೊಂಡೊಯ್ದ. ಮುಂದೆ ನ್ಯೂಯಾರ್ಕಿನ ನಗರಾಧ್ಯಕ್ಷನಾದ ಲಗ್ವಾರ್ಡಿಯ, ತಾನೇ ಹಿಂದೆ ಯುದ್ಧವೈಮಾನಿಕನಾಗಿದ್ದವನು, ಚಾಲಕರ ಪರವಾಗಿ ಅಲ್ಲಿ ಗುಡುಗಿದ. ಅರೆಹೊಟ್ಟೆಯ ಚಾಲಕನ ಕೈಗೆ ದೇಶದ ಅಂಚೆಯನ್ನೂ ಜನರ ಜೀವವನ್ನೂ ಒಪ್ಪಿಸಬಹುದೆ ಎಂಬ ಪ್ರಶ್ನೆ ಎದ್ದ ಮೇಲೆ ಕಾರ್ಡನಿಗೆ ಅಂಚೆಯ ಗುತ್ತಿಗೆ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ಅವನು ಸಂಸ್ಥೆಯನ್ನು ಮಾರಿದ. ಹೊರಗಾದವರಿಗೆ ಅವರ ಹಳೆಯ ಕೆಲಸ ಮರಳಲಿಲ್ಲ. ಆದರೆ ಸಂಘ ಉಳಿಯಿತು.

ಇನ್ನು ಮುಂದಿನದು ಬೆಂಕೆಯ ಬಾಳಿನ ತಿರುಳು. ಓದುಗರು ಇಲ್ಲಿ ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. 1933ರಲ್ಲಿ ದೊಡ್ಡ ಸಂಸ್ಥೆಗಳು ಒಟ್ಟಾಗಿ ಮೈಲಿಯ ಲೆಕ್ಕವನ್ನು ಕೈಬಿಟ್ಟು ಗಂಟೆಯ ಲೆಕ್ಕವನ್ನು ತರಲು ನಿಶ್ಚಯಿಸಿದುವು. ಅದೇ ವರ್ಷ ಬೋಯಿಂಗ್ 247 ಎಂಬ ಹೊಸ ಲೋಹದ ವಿಮಾನ ಬಂದಿತ್ತು. ಹಳೆಯ ಅಂಚೆ ವಿಮಾನ ಗಂಟೆಗೆ ಸುಮಾರು 100 ಮೈಲಿ ಹೋದರೆ ಇದು ಸುಮಾರು 180 ಮೈಲಿ ಹೋಗುವುದು. ಚಾಲಕ ತಿಂಗಳಿಗೆ 85 ಗಂಟೆ ಹಾರಿದನೆನ್ನಿ. ಹಳೆಯದರಲ್ಲಿ 8,500 ಮೈಲಿ, ಹೊಸದರಲ್ಲಿ 15,300 ಮೈಲಿ. ಗಂಟೆಗಿಷ್ಟು ಎಂದು ಕೊಟ್ಟರೆ, ಹೆಚ್ಚಿದ ವೇಗದ ಫಲವೆಲ್ಲ ಮಾಲೀಕನಿಗೆ. ಮೈಲಿಗಿಷ್ಟು ಎಂದು ಕೊಟ್ಟರೆ, ಅದರ ಬಹುಪಾಲು ಚಾಲಕನಿಗೆ. ವಿಮಾನವನ್ನು ಕೊಂಡವನು ತಾನು, ಚಾಲಕ ಕುಳಿತಿರುವುದು ಅಷ್ಟೇ ಹೊತ್ತಲ್ಲವೆ ಎಂದು ಮಾಲೀಕನ ವಾದ. ಹೆಚ್ಚು ಜನರನ್ನು ಹೆಚ್ಚು ವೇಗದಲ್ಲಿ ಹೊತ್ತೊಯ್ಯುವ ಹೊಣೆ ನಮ್ಮದಲ್ಲವೆ, ವೇಗ ಹೆಚ್ಚಿದಂತೆಲ್ಲ ಚಾಲಕರ ಸಂಖ್ಯೆ ಕಡಮೆ ಸಾಕಾಗುವುದಲ್ಲವೆ ಎಂದು ಸಂಘದ ವಾದ. ಯಂತ್ರದಿಂದ ಬಂದ ಲಾಭ ಯಾರಿಗೆ ಸೇರಬೇಕೆಂಬ ಈ ಪ್ರಶ್ನೆ ವಿಮಾನಕ್ಕೆ ಮಾತ್ರ ಸೇರಿದ್ದಲ್ಲ. ಮಗ್ಗಕ್ಕೂ ಮುದ್ರಣಕ್ಕೂ ಸೇರಿದ್ದು. ಆದರೆ ಇಷ್ಟು ಸ್ಪಷ್ಟವಾಗಿ, ಅಂಕಿಗಳ ರೂಪದಲ್ಲಿ ಅದು ಎದುರು ನಿಂತ ಸಂದರ್ಭಗಳು ವಿರಳವೆಂದು ನನಗನಿಸುತ್ತದೆ.

ಬೆಂಕೆ ದೇಶವ್ಯಾಪಿ ಮುಷ್ಕರದ ಬೆದರಿಕೆ ಹಾಕಿದ. ವಿವಾದ ಸೆನೆಟರ್ ವ್ಯಾಗ್ನರನು ಅಧ್ಯಕ್ಷನಾಗಿದ್ದ ರಾಷ್ಟ್ರೀಯ ಕಾರ್ಮಿಕ ಮಂಡಲಿಯ ಮುಂದೆ ಬಂದಿತು. ರೈಲು ಎಂಜಿನ್ ಚಾಲಕರಿಗೆ ಮೈಲಿಯ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿತ್ತು. ನೂರು ಮೈಲಿಯೆಂದರೆ ಅಲ್ಲಿ ಒಂದು ದಿನದ ಕೆಲಸ. ಗಗನದವರಿಗೇಕೆ ಅದು ಸಲ್ಲದೆಂಬ ಹೋಲಿಕೆ ಸಂಘದ ಕೈಯಲ್ಲಿದ್ದ ಬಲವಾದ ಆಯುಧ. 1934ರ ಮೇ 10ರಂದು ಮಂಡಲಿ ಕೊಟ್ಟ ತೀರ್ಪಿಗೆ 83ನೆಯ ನಿರ್ಣಯವೆಂದು ಹೆಸರು. ಅದು ಎರಡೂ ವಾದಗಳನ್ನು ಹೆಣೆಯಿತು. ಸೇವೆಯ ವರ್ಷಗಳಿಗೆ ತಕ್ಕಂತೆ ಏರುವ ಮೂಲ ಸಂಬಳ. ವಿಮಾನದ ವೇಗ ಹೆಚ್ಚಿದಂತೆ ಹೆಚ್ಚುವ ಗಂಟೆಯ ದರ, ರಾತ್ರಿಗೆ ಅದಕ್ಕಿಂತ ಮಿಗಿಲು. ಜೊತೆಗೆ ಸ್ವಲ್ಪ ಮೈಲಿಯ ಭತ್ಯ. ಎಲ್ಲಕ್ಕೂ ಮಿಗಿಲಾಗಿ, ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಕೂಡದೆಂಬ ಕಟ್ಟು. ಮಾಲೀಕರ ಕೈಗಾರಿಕಾ ಸಂಹಿತೆ 110 ಗಂಟೆಗಳನ್ನು ಒಪ್ಪಿಕೊಂಡಿತ್ತೆಂಬುದನ್ನು ನೆನೆದರೆ ಈ ಇಪ್ಪತ್ತೈದು ಗಂಟೆಗಳ ಬೆಲೆ ತಿಳಿದೀತು. ಅವು ಚಾಲಕನ ನಿದ್ದೆಯ ಗಂಟೆಗಳು. ಪ್ರಯಾಣಿಕನ ಪ್ರಾಣದ ಗಂಟೆಗಳು.

ತೀರ್ಪು ಕೈಗೆ ಬಂದರೆ ಸಾಕೆನ್ನುವವನಾಗಿರಲಿಲ್ಲ ಬೆಂಕೆ. ಅದೇ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಂಚೆಯ ಗುತ್ತಿಗೆಗಳನ್ನು ರದ್ದುಪಡಿಸಿ ಸೈನ್ಯಕ್ಕೆ ಒಪ್ಪಿಸಿದ್ದ. ಚಳಿಗಾಲದ ಆ ಕೆಲಸದಲ್ಲಿ ಹನ್ನೆರಡಕ್ಕೆ ಕಡಮೆಯಿಲ್ಲದಷ್ಟು ತರುಣ ಸೈನಿಕರು ಸತ್ತರು. ಗುತ್ತಿಗೆ ಮತ್ತೆ ಖಾಸಗಿಯವರ ಕೈಸೇರುವ ಹೊಸ ಕಾನೂನು ಜೂನಿನಲ್ಲಿ ಸಿದ್ಧವಾದಾಗ, ಅಂಚೆ ಸಾಗಿಸುವ ಪ್ರತಿಯೊಂದು ಸಂಸ್ಥೆಯೂ ಮಂಡಲಿಯ ನಿರ್ಣಯವನ್ನು ಪಾಲಿಸಬೇಕೆಂಬ ನಿಬಂಧನೆ ಅದರಲ್ಲಿ ಸೇರುವಂತೆ ಬೆಂಕೆ ನೋಡಿಕೊಂಡ. ಇದು ಎಂತಹ ದೂರದೃಷ್ಟಿಯೆಂಬುದು ಮರುವರ್ಷವೇ ತಿಳಿಯಿತು. 1935ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾಲದ ಕೈಗಾರಿಕಾ ಪುನರುತ್ಥಾನ ಕಾನೂನನ್ನೇ ಅಸಿಂಧುವೆಂದು ಸಾರಿತು. ಅದರ ನೆರಳಲ್ಲಿ ಬೆಳೆದ ಎಷ್ಟೋ ಕೂಲಿಗಾರರ ಅನುಕೂಲಗಳು ಒಂದೇ ದಿನದಲ್ಲಿ ನೆಲಕ್ಕೆ ಬಿದ್ದುವು. ಚಾಲಕರದು ಬೀಳಲಿಲ್ಲ. ಅದಕ್ಕೆ ಬೇರೊಂದು ಕಾನೂನಿನ ಆಸರೆ ಇತ್ತು. 1938ರ ನಾಗರಿಕ ವಿಮಾನಯಾನ ಶಾಸನದಲ್ಲಿಯೂ ಅದು ಸೇರಿತು. 83ನೆಯ ನಿರ್ಣಯದ ಉಲ್ಲೇಖ ಅಮೆರಿಕದ ಕಾನೂನು ಸಂಪುಟದಲ್ಲಿ ಇಂದಿಗೂ ಇದೆ.

ಸಂಬಳದ ಮಾತು, ಕೆಲಸದ ಕಟ್ಟಳೆ, ಸುರಕ್ಷತೆ—ಈ ಮೂರೂ ಬೆಂಕೆಗೆ ಬೇರೆ ಬೇರೆಯಾಗಿರಲಿಲ್ಲ. ಸುರಕ್ಷಿತವಾಗಿ ವೇಳೆ ಪಾಲಿಸಬೇಕೆಂಬುದೇ ಸಂಘದ ಧ್ಯೇಯವಾಕ್ಯದ ಭಾವ. ಅಪಘಾತವಾದೊಡನೆ ಸತ್ತ ಚಾಲಕನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವ ರೂಢಿಯನ್ನು ಅವನು ಸಹಿಸಲಿಲ್ಲ. ತನಿಖೆಗೆ ಸ್ವತಂತ್ರ ಮಂಡಲಿ ಬೇಕೆಂದು ಹೋರಾಡಿದ. 1938ರ ಶಾಸನ ಅಂತಹ ಮೂವರ ಮಂಡಲಿಯನ್ನು ನಿಯಮಿಸಿತು. ಅವರಲ್ಲಿ ಒಬ್ಬ ವೃತ್ತಿನಿರತ ಚಾಲಕನಿರಬೇಕೆಂದೂ ವಿಧಿಸಿತು. ಎರಡೇ ವರ್ಷಗಳಲ್ಲಿ, 1940ರಲ್ಲಿ, ಅದನ್ನು ರದ್ದುಮಾಡಿದಾಗ ಬೆಂಕೆಗೆ ಆದ ನೋವು ಸಣ್ಣದಲ್ಲ.

1936ರಲ್ಲಿ ರೈಲ್ವೆ ಕಾರ್ಮಿಕ ಶಾಸನ ವಿಮಾನ ಸಂಸ್ಥೆಗಳಿಗೂ ಅನ್ವಯವಾಯಿತು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಘದೊಡನೆ ಮೊದಲ ಕರಾರಿಗೆ ರುಜು ಹಾಕಿತು. ಅಲ್ಲಿಂದ ಮುಂದೆ ಒಂದು ಸಂಸ್ಥೆಯ ಕರಾರು ಇನ್ನೊಂದಕ್ಕೆ ಮಾದರಿ. ಅವರು ಕೊಟ್ಟಿದ್ದಾರೆ, ನೀವೇಕೆ ಕೊಡಬಾರದು ಎಂಬುದು ಸಂಘದ ಪಲ್ಲವಿ. ಇನ್ನೊಬ್ಬರು ಇದಕ್ಕಿಂತ ಕಡಮೆಗೆ ಒಪ್ಪಿದ್ದಾರಲ್ಲ ಎಂಬುದು ಮಾಲೀಕರ ಅನುಪಲ್ಲವಿ. ಎರಡನೆಯ ಮಹಾಯುದ್ಧದ ನಂತರ ನಾಲ್ಕು ಎಂಜಿನ್ನಿನ ಹಿರಿಯ ವಿಮಾನಗಳು ಬಂದಾಗ ಹಳೆಯ ಜಗಳ ಹೊಸದಾಗಿ ಎದ್ದಿತು. 1946ರ ಅಕ್ಟೋಬರ್ 21ರಂದು ಟಿ. ಡಬ್ಲ್ಯು. ಎ. ಸಂಸ್ಥೆಯ ಚಾಲಕರು ಕೆಲಸ ನಿಲ್ಲಿಸಿದರು. ಮೂರು ವಾರಗಳಿಗೂ ಹೆಚ್ಚು ಕಾಲ ವಿಮಾನಗಳು ನೆಲ ಬಿಡಲಿಲ್ಲ. ಕೊನೆಗೆ ವಿಷಯ ಪಂಚಾಯಿತಿಗೆ ಹೋಯಿತು. ಆ ದಶಕ ಮುಗಿಯುವುದರೊಳಗೆ ವೇಗದ ಜೊತೆಗೆ ವಿಮಾನದ ತೂಕವೂ ಸಂಬಳದ ಲೆಕ್ಕಕ್ಕೆ ಸೇರಿತು. 1948ರಲ್ಲಿ ಕೆಲಸದಿಂದ ತೆಗೆದ ಒಬ್ಬನೇ ಚಾಲಕನ ಪ್ರಕರಣವನ್ನು ಮೊದಲುಮಾಡಿಕೊಂಡು ನ್ಯಾಷನಲ್ ಏರ್‌ಲೈನ್ಸಿನಲ್ಲಿ ಆರಂಭವಾದ ಮುಷ್ಕರ ಫೆಬ್ರವರಿಯಿಂದ ನವೆಂಬರಿನವರೆಗೆ ನಡೆಯಿತು. ಒಬ್ಬನಿಗಾಗಿ ಎಲ್ಲರೂ ಒಂಬತ್ತು ತಿಂಗಳಿಗೂ ಮೀರಿ ಸಂಬಳ ಬಿಟ್ಟು ಕುಳಿತರು. ಹಣಕ್ಕೇ ಕಟ್ಟುಬಿದ್ದವರೆಂದು ಅವರನ್ನು ಜರೆಯುವವರು ಈ ಸಂಗತಿಯನ್ನು ಗಮನಿಸಬೇಕು.

ಆದರೆ ಕಟ್ಟಿದವನಿಗೆ ಕಟ್ಟಡವನ್ನು ಇತರರ ಕೈಗೆ ಬಿಡುವುದು ಎಲ್ಲಕ್ಕಿಂತ ಕಷ್ಟ. ಬೆಂಕೆ ಮಾತಿನಲ್ಲಿ ಒರಟು, ಬರವಣಿಗೆಯಲ್ಲಿ ನಿಧಾನ. ಪ್ರತಿಯೊಂದು ಕಾಗದವನ್ನೂ ತಾನೇ ತಿದ್ದಬೇಕು, ಪ್ರತಿಯೊಂದು ಕರಾರಿನ ಮಾತುಕತೆಗೂ ತಾನೇ ಹೋಗಬೇಕು. ಕೆಲವು ನೂರು ಜನರಿದ್ದಾಗ ಗುಣವಾಗಿದ್ದ ಈ ಸ್ವಭಾವ ಸಾವಿರಗಟ್ಟಲೆ ಜನರಾದಾಗ ದೋಷವಾಯಿತು. ಹೊಸ ವಿಮಾನಗಳು ಹಾರತೊಡಗಿದ್ದರೂ ಅವುಗಳ ಸಂಬಳದ ಕರಾರು ಮೇಜಿನ ಮೇಲೆ ಬಿದ್ದಿರುವುದು ಸಾಮಾನ್ಯವಾಯಿತು. ಯುದ್ಧದಿಂದ ಮರಳಿದ ತರುಣ ಚಾಲಕರಿಗೆ ಸೆಂಚುರಿ ಮುಷ್ಕರ ಅಜ್ಜಿಯ ಕಥೆ. ತಮ್ಮ ಕರಾರು ತಡವಾದದ್ದು ಕಣ್ಣೆದುರಿನ ಸತ್ಯ. 1951ರಲ್ಲಿ ಸಂಘ ಅವನನ್ನು ಅಧ್ಯಕ್ಷ ಪದವಿಯಿಂದ ಇಳಿಸಿತು. ಕ್ಲಾರೆನ್ಸ್ ಸೇಯನ್ ಆ ಸ್ಥಾನಕ್ಕೆ ಬಂದ. ಬೆಂಕೆ ಒಪ್ಪದೆ ನ್ಯಾಯಾಲಯದ ಮೆಟ್ಟಿಲು ಹತ್ತಿದ, ಗೆಲ್ಲಲಿಲ್ಲ. ಮೈಯೂ ಜರ್ಝರಿತವಾಗಿತ್ತು. 1953ರಲ್ಲಿ, ಅರುವತ್ತು ತಲಪುವ ಮೊದಲೇ, ಅವನು ತೀರಿಕೊಂಡ. ಕೆಲಸದಿಂದ ತೆಗೆದವರ ಪರವಾಗಿ ಬಾಳೆಲ್ಲ ವಾದಿಸಿದವನು ಕೊನೆಗೆ ತಾನೇ ತೆಗೆಯಲ್ಪಟ್ಟವನಾಗಿ ಸತ್ತ. ಅವನನ್ನು ಇಳಿಸಿದವರನ್ನು ಕೃತಘ್ನರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ; ತಡವಾದ ಕರಾರೂ ಒಂದು ಬಗೆಯ ಅನ್ಯಾಯವೇ ಎಂಬುದನ್ನು ಅವನೇ ಅವರಿಗೆ ಕಲಿಸಿದ್ದ.

ಅರುವತ್ತರ ಮಾತು ಬಂದಿದ್ದರಿಂದ ನಿವೃತ್ತಿ ವೇತನದ ವಿಷಯವನ್ನು ಹೇಳದೆ ಮುಗಿಸಲಾರೆ. ಬೆಂಕೆಯ ಕಾಲದ ಚಾಲಕನಿಗೆ ಮುಪ್ಪು ಬರುವುದೇ ಭಾಗ್ಯವಾಗಿತ್ತು. ಜೀವವಿಮೆಯವರು ಅವನನ್ನು ಕಂಡರೆ ಹಿಂಜರಿಯುತ್ತಿದ್ದರು. ವಿಮಾನಗಳು ಸುರಕ್ಷಿತವಾದಂತೆ ಚಾಲಕರು ಬದುಕಿ ಮುದುಕರಾಗತೊಡಗಿದರು; ಆಗ ನಿವೃತ್ತಿ ವೇತನ ಕರಾರಿನ ಮೂರನೆಯ ಕಾಲಾಯಿತು. ಅರುವತ್ತಕ್ಕೆ ಕಡ್ಡಾಯವಾಗಿ ನಿಲ್ಲಬೇಕೆಂಬ ಸರಕಾರದ ಕಟ್ಟಳೆ 1960ರಲ್ಲಿ ಜಾರಿಗೆ ಬಂದಿತು. 2007ರ ಕೊನೆಯವರೆಗೂ ಅದೇ ಇತ್ತು, ಆಮೇಲೆ ಅರುವತ್ತೈದಾಯಿತು. ಈಗಿನ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಮುಂದಿನ ನಿವೃತ್ತಿ ವೇತನಕ್ಕೆ ಸೇರಿಸಿದವರು ಅನೇಕರು. ಆದರೆ 1978ರಲ್ಲಿ ವಿಮಾನಯಾನದ ಮೇಲಿನ ಸರಕಾರದ ಹಿಡಿತ ಸಡಿಲವಾದ ಮೇಲೆ ಸ್ಪರ್ಧೆ ಕಟುವಾಯಿತು. 2001ರ ದುರಂತದ ನಂತರ ಹಿರಿಯ ಸಂಸ್ಥೆಗಳು ಒಂದರ ಮೇಲೊಂದು ದಿವಾಳಿ ನ್ಯಾಯಾಲಯವನ್ನು ಸೇರಿದುವು. ಯುಎಸ್ ಏರ್‌ವೇಸ್ ಚಾಲಕರ ನಿವೃತ್ತಿ ಯೋಜನೆ 2003ರಲ್ಲಿ, ಯುನೈಟೆಡ್ಡಿನದು 2005ರಲ್ಲಿ, ಡೆಲ್ಟಾ ಚಾಲಕರದು 2006ರಲ್ಲಿ ಮುರಿದುಬಿದ್ದುವು. ಸರಕಾರದ ವಿಮಾನಿಧಿ ಕೊಡುವ ಹಣಕ್ಕೆ ಮಿತಿಯುಂಟು; ಅರುವತ್ತೈದಕ್ಕೆ ಮೊದಲೇ ನಿವೃತ್ತರಾದವರಿಗೆ ಆ ಮಿತಿ ಇನ್ನೂ ಕೆಳಗೆ. ಸರಕಾರವೇ ಅರುವತ್ತಕ್ಕೆ ಮನೆಗೆ ಕಳುಹಿಸಿತು. ಬೇಗ ಮನೆಗೆ ಬಂದನೆಂದು ಸರಕಾರದ ನಿಧಿಯೇ ಕಡಮೆ ಕೊಟ್ಟಿತು. ಇದಕ್ಕಿಂತ ಕ್ರೂರವಾದ ವ್ಯಂಗ್ಯವನ್ನು ಕವಿ ಕಲ್ಪಿಸಲಾರ.

ಇಲ್ಲಿ ನನಗೆ ಬೆಂಕೆಯ ಬಾಳಿನ ಪಾಠ ಕಾಣುತ್ತದೆ. ಅವನು ಕಾನೂನಿನಲ್ಲಿ ಬರೆಯಿಸಿದ್ದು ಉಳಿಯಿತು; ಅವನ ನಂತರದವರು ಕರಾರಿನ ಭರವಸೆಯಾಗಿ ಮಾತ್ರ ಪಡೆದದ್ದು ಅಳಿಯಿತು. ಸಂಬಳ ಈ ತಿಂಗಳು ಕೈಗೆ ಬರುವ ವಸ್ತು. ವಿಶ್ರಾಂತಿಯ ಗಂಟೆ ಈ ರಾತ್ರಿ ಸಿಗುವ ವಸ್ತು. ನಿವೃತ್ತಿ ವೇತನವಾದರೋ ಮೂವತ್ತು ವರ್ಷಗಳಾಚೆಯ ಮಾತು, ಆಡಿದ ಸಂಸ್ಥೆ ಅಷ್ಟು ದಿನ ಬದುಕಿದ್ದರೆ ಮಾತ್ರ ನಡೆಯುವ ಮಾತು. ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ಈ ಭೇದವನ್ನು ಮರೆಯಬಾರದು. ಸಂಬಳವೇನೋ ಮತ್ತೆ ಚೇತರಿಸಿಕೊಂಡಿತು. 2023ರಲ್ಲಿ ಡೆಲ್ಟಾ ಚಾಲಕರು ನಾಲ್ಕು ವರ್ಷಗಳಲ್ಲಿ ಶೇಕಡಾ 34ರ ಏರಿಕೆಯ ಕರಾರು ಪಡೆದರು. ಯುನೈಟೆಡ್, ಅಮೆರಿಕನ್ ಸಂಸ್ಥೆಗಳು ಅದನ್ನೇ ಮಾದರಿಯಾಗಿ ಒಪ್ಪಬೇಕಾಯಿತು. ಬೆಂಕೆಯ ಹಳೆಯ ಪಲ್ಲವಿ ಇನ್ನೂ ನಿಂತಿಲ್ಲ.

ಈ ಕಥೆ ನಮಗೆ ದೂರದ್ದೇನೂ ಅಲ್ಲ. 2025ರಲ್ಲಿ ನಮ್ಮ ದೇಶದಲ್ಲಿ ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳನ್ನು ಮಿತಗೊಳಿಸಿದ ನಿಯಮಗಳು ಜಾರಿಗೆ ಬಂದುವು. ಅವಕ್ಕೆ ತಕ್ಕಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ ಹೋದುದರಿಂದ ಆ ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳು ರದ್ದಾದುವು. ಬೆಂಗಳೂರಿನ ನಿಲ್ದಾಣದಲ್ಲಿಯೂ ಜನ ಪೆಟ್ಟಿಗೆಗಳ ನಡುವೆ ಕಾದು ಕುಳಿತರು. ಜನರ ಬವಣೆ ನಿಜ. ಆದರೆ ಆಗ ತಾತ್ಕಾಲಿಕವಾಗಿ ಸಡಿಲಿಸಲ್ಪಟ್ಟದ್ದು ಯಾವುದು? ವಿಮಾನದ ವೇಳಾಪಟ್ಟಿಯಲ್ಲ, ಚಾಲಕನ ವಿಶ್ರಾಂತಿಯ ನಿಯಮ. ವೇಳೆಗೂ ಸುರಕ್ಷತೆಗೂ ತಿಕ್ಕಾಟ ಬಂದಾಗ ಮೊದಲು ಬಾಗುವುದು ಯಾವುದೆಂಬುದನ್ನು ವಿಸ್ಕಾನ್ಸಿನ್ನಿನ ಆ ಒಕ್ಕಲಿಗನ ಮಗ 1931ರಲ್ಲಿಯೇ ಕಂಡಿದ್ದ. ಅದು ಬಾಗದಂತೆ ಮಾಡಲು ಕಾನೂನಿನ ಕಂಬವನ್ನು ಹುಡುಕಿಕೊಂಡು ಹೋಗಿದ್ದ. ವೀರರ ಚರಿತ್ರೆಯನ್ನು ಬರೆಯುವವರು ಅವನನ್ನು ಮರೆತರೆ ಮರೆಯಲಿ. ಕತ್ತಲಲ್ಲಿ ನಮ್ಮನ್ನು ಹೊತ್ತು ಹಾರುವವನ ಕಣ್ಣಿನಲ್ಲಿ ನಿದ್ದೆಯಿಲ್ಲದಿದ್ದರೆ, ಅದರಲ್ಲಿ ಬೆಂಕೆಯ ಪಾಲೂ ಒಂದಿಷ್ಟು ಉಂಟು.